ಐರ್ಲೆಂಡಿನ ಗರ್ಭಪಾತ ಮಸೂದೆ: ವೈದ್ಯರ ಮಾರ್ಗಸೂಚಿ ಸ್ಪಷ್ಟವಾಗಿರಲಿ

(2018ರ ಅಕ್ಟೋಬರ್‌ನಲ್ಲಿ, ಮಸೂದೆ ಇನ್ನೂ ಚರ್ಚೆಯಲ್ಲಿದ್ದಾಗ ಬರೆದ ಪತ್ರ)

ಮಾನ್ಯ ಸಂಪಾದಕರಿಗೆ,

ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೆಯ ಆಸ್ಪತ್ರೆಯಲ್ಲಿ ತೀರಿಕೊಂಡು 2018ರ ಅಕ್ಟೋಬರ್ 28ಕ್ಕೆ ಆರು ವರ್ಷ. 2018ರ ಮೇ 25ರ ಜನಮತಗಣನೆಯಲ್ಲಿ ಶೇ 66.4ರಷ್ಟು ಮತದಾರರು ಭ್ರೂಣಕ್ಕೂ ತಾಯಿಯಷ್ಟೇ ಜೀವಿಸುವ ಹಕ್ಕು ಕೊಟ್ಟಿದ್ದ ಸಂವಿಧಾನದ ಎಂಟನೇ ತಿದ್ದುಪಡಿಯನ್ನು ರದ್ದು ಮಾಡಲು ಒಪ್ಪಿದ ಮೇಲೆ ಅಲ್ಲಿನ ಸಂಸತ್ತಿನಲ್ಲಿ ಗರ್ಭಪಾತ ಸೇವೆಯ ಮಸೂದೆ ಚರ್ಚೆಯಲ್ಲಿದ್ದು, 2019ರ ಜನವರಿಯಿಂದ ಸೇವೆ ಆರಂಭಿಸುವುದು ಆರೋಗ್ಯ ಸಚಿವ ಸೈಮನ್ ಹ್ಯಾರಿಸ್ ಅವರ ಗುರಿಯಾಗಿದೆ. ಹೆರಿಗೆ ವಾರ್ಡುಗಳಲ್ಲಿ ಮೂವತ್ತು ವರ್ಷ ದುಡಿದ ನನಗೆ ಮಸೂದೆಗಿಂತ ಅದರ ಜೊತೆಗೆ ಬರಬೇಕಾದ ವೈದ್ಯಕೀಯ ಮಾರ್ಗಸೂಚಿಯದೇ ಚಿಂತೆ.

ತಾಯಿಯ ಜೀವಕ್ಕೆ ಅಪಾಯವಿದ್ದರೆ ಗರ್ಭಪಾತ ಮಾಡಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿತ್ತು. ಆದರೂ 17 ವಾರಗಳ ಗರ್ಭಿಣಿಯಾಗಿದ್ದ ಸವಿತಾಗೆ ಗರ್ಭ ಉಳಿಯುವುದಿಲ್ಲವೆಂದು ಗೊತ್ತಾದ ಮೇಲೂ, ಆಕೆ ಕೇಳಿಕೊಂಡ ಮೇಲೂ, ಭ್ರೂಣದ ಹೃದಯಬಡಿತ ಇದೆಯೆಂಬ ಕಾರಣಕ್ಕೆ ಗರ್ಭಪಾತ ಮಾಡಲಿಲ್ಲ. ಅಷ್ಟರಲ್ಲಿ ನಂಜು ರಕ್ತಕ್ಕೇರಿತು. ನೀರು ಒಡೆದ ಹೆಣ್ಣುಮಗಳಿಗೆ ಜ್ವರ ಬರುವ ಮೊದಲೇ ನಾಡಿ ಏರುವುದುಂಟು. ರಾತ್ರಿ ಪಾಳಿಯಲ್ಲಿ ಹಣೆ ಮುಟ್ಟಿ ನೋಡಿ, ನಾಡಿ ಎಣಿಸದೆ ಮುಂದಿನ ಹಾಸಿಗೆಗೆ ಹೋದರೆ ಬೆಳಗಾಗುವುದರೊಳಗೆ ಕೈಮೀರಿರುತ್ತದೆ. ಆಕೆಯ ಆರೈಕೆಯಲ್ಲಿ ತಪಾಸಣೆ, ನಿಗಾ ಎರಡೂ ಸಾಲದಾಗಿದ್ದವೆಂದು 2013ರ ತನಿಖಾ ವರದಿಯೂ ಹೇಳಿದೆ.

2018ರ ಈ ಮಸೂದೆಯ ಪ್ರಕಾರ 12 ವಾರಗಳವರೆಗೆ ಕಾರಣ ಹೇಳಬೇಕಿಲ್ಲ, ಆದರೆ ವೈದ್ಯರು ಪ್ರಮಾಣೀಕರಿಸಿದ ಮೇಲೆ ಮೂರು ದಿನ ಕಾಯಬೇಕು. (ದೂರದ ಹಳ್ಳಿಯಾಕೆಗೆ ಇದರಿಂದ ಎರಡೆರಡು ಓಡಾಟ, ಈ ಷರತ್ತು ನನಗೆ ಒಪ್ಪಿಗೆಯಿಲ್ಲ.) ಅನಂತರ ತಾಯಿಯ ಜೀವಕ್ಕೆ ಅಪಾಯ ಅಥವಾ ಆರೋಗ್ಯಕ್ಕೆ 'ಗಂಭೀರ ಹಾನಿ'ಯ ಸಂಭವವಿದೆಯೆಂದು ಇಬ್ಬರು ವೈದ್ಯರು ಒಪ್ಪಬೇಕು, ಮತ್ತು ಕಾಯ್ದೆ ಮೀರಿದವರಿಗೆ 14 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಇಂಥ ಶಿಕ್ಷೆ ಕಣ್ಣೆದುರಿಗಿದ್ದಾಗ 'ಗಂಭೀರ' ಎಂಬ ಮಾತನ್ನು ವೈದ್ಯರು ಆದಷ್ಟು ಬಿಗಿಯಾಗಿಯೇ ಅರ್ಥಮಾಡಿಕೊಳ್ಳುತ್ತಾರೆ. ಯಾವ ಲಕ್ಷಣ ಕಂಡೊಡನೆ ಮುಂದುವರಿಯಬೇಕು, ನಡುರಾತ್ರಿ ಎರಡನೆಯ ವೈದ್ಯರನ್ನು ಎಲ್ಲಿಂದ ಕರೆಸಬೇಕು, ಗರ್ಭಪಾತ ಮಾಡಲು ಮನಸ್ಸೊಪ್ಪದ ವೈದ್ಯರು ರೋಗಿಯನ್ನು ಎಷ್ಟು ಹೊತ್ತಿನೊಳಗೆ ಬೇರೆಯವರಿಗೆ ಒಪ್ಪಿಸಬೇಕು ಎಂಬುದನ್ನೆಲ್ಲ ಸೇವೆ ಆರಂಭವಾಗುವ ಮೊದಲೇ ಬರೆದು, ಪ್ರತಿ ವಾರ್ಡಿಗೂ ಮುಟ್ಟಿಸಬೇಕು.

ಕಾಯ್ದೆ ಇದ್ದೂ ವಾರ್ಡಿಗೆ ಮುಟ್ಟದಿದ್ದರೆ ಏನಾಗುತ್ತದೆಂಬುದನ್ನು ನಾನು ಇಲ್ಲಿಯೇ ಕಂಡಿದ್ದೇನೆ. ನಮ್ಮ 1971ರ ಎಂಟಿಪಿ (ವೈದ್ಯಕೀಯ ಗರ್ಭಪಾತ) ಕಾಯ್ದೆಯಂತೆ ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಆದರೆ ನಾನು ಕೆಲಸಕ್ಕಿದ್ದ ಒಂದು ಆಸ್ಪತ್ರೆಯಲ್ಲಿ, ಗಂಡ ದುಡಿಯಲು ಗೋವಾಕ್ಕೆ ಹೋಗಿದ್ದ ಹೆಣ್ಣುಮಗಳೊಬ್ಬಳನ್ನು ಸಹಿ ತರುವಂತೆ ಹೇಳಿ ವಾಪಸ್ ಕಳಿಸಿದರು. ಸೆರಗಿನ ಗಂಟಿನಲ್ಲಿದ್ದ ಬಸ್ಸಿನ ದುಡ್ಡನ್ನು ಎಣಿಸಿಕೊಳ್ಳುತ್ತ ಆಕೆ ಮೆಟ್ಟಿಲಿಳಿದು ಹೋದಳು. ಮತ್ತೆ ಬಂದದ್ದು ಹನ್ನೆರಡು ದಿನಗಳ ಮೇಲೆ. ಆ ಹೊತ್ತಿಗೆ ಮಾತ್ರೆಯಿಂದ ಆಗಬಹುದಾಗಿದ್ದ ಕೆಲಸಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾಯಿತು. ಅಂದು ನಾನೂ ಎದುರು ಮಾತಾಡಲಿಲ್ಲವೆಂಬ ನೋವು ಇನ್ನೂ ಹೋಗಿಲ್ಲ.

ಐರ್ಲೆಂಡಿನ ಹೊಸ ಕಾಯ್ದೆಗೆ ಮಗಳ ಹೆಸರಿಡಬೇಕೆಂದು ಸವಿತಾ ಅವರ ತಂದೆ ಕೇಳಿದ್ದಾರೆ. ಅಲ್ಲಿನ ಸರ್ಕಾರ ಅದನ್ನು ಮನ್ನಿಸಲಿ. ನಮ್ಮ ಆರೋಗ್ಯ ಇಲಾಖೆಯು ಗಂಡನ ಸಹಿ ಬೇಕಿಲ್ಲವೆಂಬ ನಿಯಮವನ್ನು ಕನ್ನಡ ಮತ್ತು ಮರಾಠಿಯಲ್ಲಿ ಬರೆಸಿ, ಈ ಜಿಲ್ಲೆಯ ಪ್ರತಿ ಆಸ್ಪತ್ರೆಯ ಹೊರರೋಗಿ ವಿಭಾಗದ ಬಾಗಿಲಲ್ಲಿ ಹಾಕಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶುಶ್ರೂಷಕಿ, ಬೆಳಗಾವಿ