ವಿಯೆಟ್ನಾಂ: ಸುಂಕದ ಆಚೆಗಿನ ಕಥೆ

ಮಾನ್ಯ ಸಂಪಾದಕರೇ,

ವಿಯೆಟ್ನಾಂನ ರಫ್ತು ಬೆಳೆದ ಬಗೆಯನ್ನು ಕುರಿತ ಬಹುಪಾಲು ಬರಹಗಳು ಅಗ್ಗದ ಕೂಲಿ ಮತ್ತು ಇಳಿದ ಸುಂಕ ಎಂಬ ಎರಡು ಕಾರಣಗಳನ್ನು ಹೇಳಿ ಮುಗಿಯುತ್ತವೆ. ಅಮೆರಿಕದೊಡನೆ 2000ದ ಜುಲೈನಲ್ಲಿ ಸಹಿಯಾಗಿ 2001ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ದ್ವಿಪಕ್ಷೀಯ ವ್ಯಾಪಾರ ಒಪ್ಪಂದದಿಂದ ವಿಯೆಟ್ನಾಂ ಸರಕುಗಳ ಮೇಲಿನ ಸರಾಸರಿ ಸುಂಕ ಶೇ 40ರ ಆಸುಪಾಸಿನಿಂದ ಶೇ 3–4ಕ್ಕೆ ಇಳಿದದ್ದು ನಿಜ. ಆದರೆ ಅದೇ ಒಪ್ಪಂದದ ಆರನೇ ಅಧ್ಯಾಯವನ್ನು ಓದಿದವರು ಕಡಿಮೆ. ಆ ದೇಶದ ಆಡಳಿತವನ್ನು ಹೆಚ್ಚು ಆಳವಾಗಿ ಅಲುಗಾಡಿಸಿದ್ದು ಆ ಅಧ್ಯಾಯವೇ ಎಂದು ನನ್ನ ಅಭಿಪ್ರಾಯ.

ವ್ಯಾಪಾರಕ್ಕೆ ಸಂಬಂಧಿಸಿದ ಕಾನೂನು, ನಿಯಮ ಮತ್ತು ಆಡಳಿತ ವಿಧಾನಗಳನ್ನೆಲ್ಲ ಪ್ರಕಟಿಸಬೇಕು, ಪ್ರಕಟವಾಗಿ ಎಲ್ಲರ ಕೈಗೆ ಸಿಗುವಂಥವನ್ನು ಮಾತ್ರ ಜಾರಿ ಮಾಡಬಹುದು, ಕರಡಿನ ಮೇಲೆ ಅಭಿಪ್ರಾಯ ಹೇಳಲು ಅವಕಾಶವಿರಬೇಕು ಎಂದು ಆ ಅಧ್ಯಾಯ ಹೇಳುತ್ತದೆ. ಕೇಳಲು ಇದು ಸಪ್ಪೆ ಸಂಗತಿ. ಆದರೆ ಸಚಿವಾಲಯಗಳ ಸುತ್ತೋಲೆಗಳೇ ಕಾನೂನಿನಂತೆ ನಡೆಯುತ್ತಿದ್ದ ವ್ಯವಸ್ಥೆಯಲ್ಲಿ, ಕಂಡೇ ಇರದ ಕಾಗದವೊಂದನ್ನು ಅಧಿಕಾರಿ ಮುಂದಿಟ್ಟಾಗ ವ್ಯಾಪಾರಿಗೆ ಎದುರು ಮಾತನಾಡಲು ಆಧಾರವೇ ಇರುವುದಿಲ್ಲ. ವಿಯೆಟ್ನಾಂ 2002ರಲ್ಲಿ ತನ್ನ ಶಾಸನ ರಚನಾ ಕಾಯ್ದೆಯನ್ನು ತಿದ್ದಿ, ಕೇಂದ್ರ ಮಟ್ಟದ ನಿಯಮಗಳು ಸಾಮಾನ್ಯವಾಗಿ ಅಧಿಕೃತ ಗೆಜೆಟ್‌ನಲ್ಲಿ ಪ್ರಕಟವಾದ 15 ದಿನಗಳ ಬಳಿಕವೇ ಜಾರಿಗೆ ಬರುವಂತೆ ಮಾಡಿತು. ಇದರಿಂದ ಮೊದಲು ಅನುಕೂಲವಾದದ್ದು ವಿದೇಶಿ ಕಂಪನಿಗಳಿಗೆ ಎನ್ನಬಹುದು, ಆದರೆ ಗೆಜೆಟ್ ಅಚ್ಚಾದ ಮೇಲೆ ಅದನ್ನು ಹನೋಯಿಯ ಸಣ್ಣ ವ್ಯಾಪಾರಿಯೂ ಓದಬಹುದು.

ಹಾಗೆಂದು ಸುಧಾರಣೆಯೆಲ್ಲ ಹೊರಗಿನ ಒತ್ತಾಯದಿಂದ ಬಂತೆನ್ನುವುದು ಅನ್ಯಾಯವಾದೀತು. 1986ರಲ್ಲಿ ಕಮ್ಯುನಿಸ್ಟ್ ಪಕ್ಷವೇ 'ದೊಯಿ ಮೊಯಿ' ಎಂಬ ನವೀಕರಣ ನೀತಿಯನ್ನು ಕೈಗೊಂಡಿತು. ವಿದೇಶಿ ಹೂಡಿಕೆಗೆ 1987ರಲ್ಲಿ ಕಾಯ್ದೆ ಬಂತು. ಕಂಪನಿ ತೆರೆಯಲು ಅನುಮತಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಬದಲು ನೋಂದಣಿ ಮಾಡಿಸಿದರೆ ಸಾಕೆಂದ 1999ರ ಉದ್ಯಮ ಕಾಯ್ದೆಯೂ ಅಮೆರಿಕದ ಒಪ್ಪಂದಕ್ಕಿಂತ ಮೊದಲಿನದು. ದೇಶದೊಳಗಿನ ಸುಧಾರಕರಲ್ಲಿ ಆಗಲೇ ಇದ್ದ ಯೋಚನೆಗಳಿಗೆ ಒಪ್ಪಂದವು ಗಡುವನ್ನು ಕೊಟ್ಟಿತು. ಮುಂದೂಡಲು ಬಯಸುವವರ ಬಾಯಿ ಕಟ್ಟಲು ಸುಧಾರಕರಿಗೆ ಅದು ಒದಗಿಬಂತು. ವಿಶ್ವ ವ್ಯಾಪಾರ ಸಂಘಟನೆ ಸೇರಲು 1995ರಲ್ಲಿ ಹಾಕಿದ ಅರ್ಜಿ 2007ರ ಜನವರಿಯಲ್ಲಿ ಫಲಿಸುವ ಹೊತ್ತಿಗೆ ಹೂಡಿಕೆ, ಉದ್ಯಮ, ಬೌದ್ಧಿಕ ಆಸ್ತಿ ಕಾಯ್ದೆಗಳೆಲ್ಲ ಹೊಸದಾಗಿ ಬಂದಿದ್ದವು.

ಇಷ್ಟೆಲ್ಲ ಬರೆಸಿಕೊಂಡ ಅಮೆರಿಕ ಮಾತ್ರ 2024ರ ಆಗಸ್ಟ್‌ನಲ್ಲೂ ವಿಯೆಟ್ನಾಂಗೆ 'ಮಾರುಕಟ್ಟೆ ಆರ್ಥಿಕತೆ', ಅಂದರೆ ಬೆಲೆಗಳನ್ನು ಸರ್ಕಾರವಲ್ಲದೆ ಮಾರುಕಟ್ಟೆಯೇ ನಿರ್ಧರಿಸುವ ದೇಶ, ಎಂಬ ಸ್ಥಾನಮಾನ ಕೊಡಲು ನಿರಾಕರಿಸಿತು. ವಿದೇಶಿ ಸರಕನ್ನು ತೀರಾ ಅಗ್ಗವಾಗಿ ತಂದು ಸುರಿಯುವುದನ್ನು ತಡೆಯಲು ಹಾಕುವ ಸುರಿವಿರೋಧಿ (ಆ್ಯಂಟಿ-ಡಂಪಿಂಗ್) ಸುಂಕವನ್ನು ಲೆಕ್ಕ ಹಾಕುವಾಗ ವಿಯೆಟ್ನಾಂನ ಸ್ವಂತ ಬೆಲೆಗಳನ್ನು ಬದಿಗಿಟ್ಟು ಬೇರೊಂದು ದೇಶದ ಬೆಲೆಗಳನ್ನು ಹಿಡಿಯಲು ಈ ನಿರಾಕರಣೆ ಅನುವು ಮಾಡಿಕೊಡುತ್ತದೆ. 2003ರಿಂದ ಆ ದೇಶದ ಮೀನು ಸಾಕಣೆದಾರರು ಈ ಲೆಕ್ಕದ ಬಿಸಿಯನ್ನು ಅನುಭವಿಸುತ್ತಲೇ ಬಂದಿದ್ದಾರೆ.

ವಿಯೆಟ್ನಾಂ ಕಡೆಯ ನಡತೆಯೂ ಪ್ರಶ್ನಾತೀತವೇನಲ್ಲ. ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದ ಮತ್ತು ಐರೋಪ್ಯ ಒಕ್ಕೂಟದೊಡನೆ 2020ರಲ್ಲಿ ಜಾರಿಗೆ ಬಂದ ಒಪ್ಪಂದ, ಇವೆರಡರ ಹಿನ್ನೆಲೆಯಲ್ಲಿ ರೂಪಿಸಿದ 2019ರ ಕಾರ್ಮಿಕ ಸಂಹಿತೆಯು, ಅಧಿಕೃತ ಕಾರ್ಮಿಕ ಒಕ್ಕೂಟದ ಹೊರಗೂ ಕಾರ್ಖಾನೆ ಮಟ್ಟದಲ್ಲಿ ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಕೊಟ್ಟಿತು. 2021ರ ಜನವರಿಯಿಂದ ಸಂಹಿತೆ ಜಾರಿಯಾದರೂ, ಅಂಥ ಸಂಘವನ್ನು ನೋಂದಾಯಿಸಲು ಬೇಕಾದ ಅಧೀನ ನಿಯಮಗಳು ವರ್ಷಗಟ್ಟಲೆ ಹೊರಬರಲಿಲ್ಲ. ಕಂಪನಿ ನೋಂದಣಿಯ ವಿಷಯದಲ್ಲಿ ತೋರಿದ ಚುರುಕು ಇಲ್ಲೇಕೆ ಕಾಣಲಿಲ್ಲ? ರಫ್ತಿನ ಅಂಕಿಅಂಶಗಳ ಜೊತೆಗೆ ಈ ಪ್ರಶ್ನೆಯ ಬಗೆಗೂ ನಿಮ್ಮ ಪತ್ರಿಕೆ ಒಂದು ವಿವರವಾದ ಲೇಖನವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಓದುಗ