ಹಳೆಯ ಮುದ್ರಿತ ಚಿತ್ರವನ್ನು ಹಲಗೆಗೆ ಅಂಟಿಸಿ, ಅಂಚು ಕತ್ತರಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಚಿತ್ರಗಳಿಗೆ ಫ್ರೇಮ್ ಹಾಕುವ ವಿಭಾಗ, ಬೆಳಗಾವಿ

ಮಾನ್ಯರೇ,

ಡಚ್ಚರ ಕಾಲದ ಕೊಚ್ಚಿ ಬಂದರಿನ ಚಿತ್ರವೊಂದನ್ನು ಫ್ರೇಮ್ ಹಾಕಲು ನಿಮ್ಮಲ್ಲಿ ಕೊಟ್ಟಿದ್ದೆವು. ತಾಮ್ರದ ತಗಡಿನಲ್ಲಿ ಕೊರೆದು, ಕೈಕಾಗದದ ಮೇಲೆ ಅಚ್ಚೊತ್ತಿ, ಆಮೇಲೆ ಕುಂಚದಿಂದ ನೀರುಬಣ್ಣ ತುಂಬಿದ್ದು. ರಸೀದಿಯ ಮೇಲೆ ನಿಮ್ಮ ಕೌಂಟರಿನವರೇ ‘ಅಂಟು ಬೇಡ, ಅಂಚು ಕತ್ತರಿಸಬಾರದು’ ಎಂದು ಬರೆದುಕೊಂಡಿದ್ದಾರೆ. ಎರಡನ್ನೂ ಮಾಡಿಟ್ಟಿದ್ದೀರಿ.

ಚಿತ್ರದ ಸುತ್ತ ಎರಡು ಬೆರಳಗಲ ಖಾಲಿ ಅಂಚಿತ್ತು. ಅದರ ಒಳಗಡೆ ತಗಡಿನ ಅಂಚು ಒತ್ತಿದ ತಗ್ಗು ಗೆರೆ. ತೇವ ಮಾಡಿದ ಕಾಗದವನ್ನು ತಗಡಿನ ಮೇಲಿಟ್ಟು ರೋಲರಿನಡಿ ಹಾಯಿಸಿದಾಗ ಬೀಳುವ ಗುರುತು ಅದು. ಆಫ್‌ಸೆಟ್ ನಕಲಿನಲ್ಲಿ ಹಾಗೆ ಬೀಳುವುದಿಲ್ಲ. ನಿಮ್ಮವರು ಎಡಕ್ಕೂ ಕೆಳಕ್ಕೂ ಆ ಗೆರೆಯ ಒಳಗೇ ಕಟರ್ ಓಡಿಸಿದ್ದಾರೆ. ಕೆಳಗಿನ ಶೀರ್ಷಿಕೆಯ ಅಕ್ಷರಗಳ ಬಾಲ ಹೋಗಿವೆ. ಸಿದ್ಧ ಅಳತೆಯ ಫ್ರೇಮಿಗೆ ಕೂಡಿಸಲು ಹೀಗೆ ಮಾಡಿದಂತಿದೆ. ದೊಡ್ಡ ಫ್ರೇಮ್ ಬೇಕೆಂದಿದ್ದರೆ ಅದರ ದುಡ್ಡನ್ನೂ ಕೊಡುತ್ತಿದ್ದೆವು.

ಬೆನ್ನಿಗೆ ಪೂರ್ತಿ ಬಿಳಿ ಅಂಟು ಬಳಿದು ಎಂ.ಡಿ.ಎಫ್. (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ) ಹಲಗೆಗೆ ಕೂಡಿಸಿದ್ದು ಇದಕ್ಕಿಂತ ದೊಡ್ಡ ಹಾನಿ. ಇಂಥ ಬಣ್ಣಗಳು ನಿಂತಿರುವುದು ಗೋಂದಿನ ಮೇಲೆ, ನೀರು ತಾಗಿದರೆ ಕದಲುತ್ತವೆ. ಅಂಟಿನ ನೀರು ಹೀರಿಕೊಂಡು ಹಡಗಿನ ಬಾವುಟದ ಕೆಂಪು ಈಗ ಜೋಳದ ಕಾಳಿನಷ್ಟು ಆಕಾಶಕ್ಕೆ ಹಬ್ಬಿದೆ. ಕೋಟೆಯ ಹಿಂದಿನ ಮರಗಳ ಹಸಿರು ತಾಮ್ರದ ಕಿಲುಬಿನದು. ಅದು ವರ್ಷಗಟ್ಟಲೆ ಕಾಗದವನ್ನು ತಿಂದು ಹಿಂಬದಿಗೆ ಕಂದು ನೆರಳಾಗಿ ಇಳಿಯುತ್ತದೆ. ಬಣ್ಣ ಹಳೆಯದೋ, ಮೊನ್ನೆ ಹಚ್ಚಿದ್ದೋ ಎಂದು ತಿಳಿಯಲು ಬಲ್ಲವರು ಚಿತ್ರ ತಿರುಗಿಸಿ ನೋಡುವುದು ಇದನ್ನೇ. ಆ ಪುರಾವೆ ಈಗ ಹಲಗೆಗೆ ಅಂಟಿ ಕೂತಿದೆ. ಸಾಲದ್ದಕ್ಕೆ ಹಲಗೆ ಆಮ್ಲ ಬಿಡುತ್ತದೆ, ಗಾಜು ನೇರವಾಗಿ ಕಾಗದಕ್ಕೆ ತಾಗಿದೆ. ನಮ್ಮೂರ ಮಳೆಗಾಲದಲ್ಲಿ ಅಲ್ಲಿ ಬೂಷ್ಟು ಹಿಡಿಯಲು ಎಷ್ಟು ಹೊತ್ತು?

‘ಅಂಟಿಸದಿದ್ದರೆ ಉಬ್ಬುತಗ್ಗು ಕಾಣುತ್ತದೆ’ ಎಂದು ಫೋನಿನಲ್ಲಿ ಹೇಳಿದಿರಿ. ಕೈಕಾಗದ ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುತ್ತದೆ, ಸ್ವಲ್ಪ ಅಲೆ ಇದ್ದೇ ಇರುತ್ತದೆ. ಮೇಲಂಚಿನಲ್ಲಿ ಮಾತ್ರ ಎರಡು ಕಡೆ ತೆಳು ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ, ಆಮ್ಲರಹಿತ ರಟ್ಟಿಗೆ ತೂಗುಹಾಕಿ, ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ರಟ್ಟು ಕೊಟ್ಟಿದ್ದರೆ ಸಾಕಿತ್ತು. ಬೇಕೆಂದಾಗ ಬಿಡಿಸಲೂ ಬರುತ್ತಿತ್ತು.

ಈಗ ದಯವಿಟ್ಟು ನಿಮ್ಮವರು ಅದನ್ನು ಕೀಳಲು ಹೋಗಬೇಡಿ. ಬಿಸಿಗಾಳಿ, ಥಿನ್ನರ್ ಯಾವುದೂ ಬೇಡ. ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸಿ. ಕತ್ತರಿಸಿದ ಪಟ್ಟಿಗಳು ಕಸದಲ್ಲಿ ಉಳಿದಿದ್ದರೆ ಚೂರೂ ಬಿಡದೆ ಕೊಡಿ, ಮತ್ತೆ ಜೋಡಿಸಲು ಬರುತ್ತದೆ. ಬಿಲ್ಲಿನ ಪೂರ್ಣ ಹಣ, ಕಾಗದ ಸಂರಕ್ಷಣೆ ಬಲ್ಲ ತಜ್ಞರಿಂದ ಬಿಡಿಸುವ ಖರ್ಚು, ಮೌಲ್ಯ ಇಳಿದುದಕ್ಕೆ ಪರಿಹಾರ, ಈ ಮೂರೂ ನಿಮ್ಮ ಹೊಣೆ. 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಸೇವಾ ನ್ಯೂನತೆಯ ದೂರು ದಾಖಲಿಸುತ್ತೇವೆ.

ರಸೀದಿಯ ಪ್ರತಿ, ಕೊಡುವ ಮೊದಲು ತೆಗೆದ ಎರಡೂ ಬದಿಯ ಫೋಟೊ ಲಗತ್ತಿಸಿದೆ.

ಇಂತಿ,
ನಿಮ್ಮ ಗ್ರಾಹಕರು, ಟಿಳಕವಾಡಿ, ಬೆಳಗಾವಿ