ಮತ್ತೆ ಬುಲೆಟಿನ್ ಓದಿದೆ, ಒಂದಿಷ್ಟು ಥ್ಯಾಂಕ್ಸ್ ಹೇಳೋದಿದೆ

ನಮ್ಮ ಲೋಕಲ್ ಚಾನೆಲ್‌ನ ನಿನ್ನೆಯ ಬುಲೆಟಿನ್ ನೋಡಿದವರಿಗೆ ಗೊತ್ತಾಗಿರುತ್ತದೆ, ಗಂಟಲಿನ ಆಪರೇಷನ್ ಆದ ಮೇಲೆ ನಾನು ಸುದ್ದಿ ಓದೋಕೆ ವಾಪಸ್ ಬಂದಿದ್ದೇನೆ. ಗಂಟಲಿಗೆ ಏನಾಗಿತ್ತು, ಆಪರೇಷನ್ ಯಾಕಾಯ್ತು ಅನ್ನೋದೆಲ್ಲ ನಿಮಗೆ ಗೊತ್ತಿರೋದೇ. ಅದನ್ನು ಮತ್ತೆ ಬರೆಯುವುದಿಲ್ಲ.

ಡಾಕ್ಟರು, ಸ್ಟ್ರಾದಲ್ಲಿ ನೀರಿಗೆ ಗುಳ್ಳೆ ಊದಿಸುತ್ತಾ 'ಊ' ಅನ್ನಿಸಿದ ಸ್ಪೀಚ್ ಥೆರಪಿಸ್ಟ್, ನನ್ನ ಶಿಫ್ಟ್ ಹಂಚಿಕೊಂಡ ಆ್ಯಂಕರ್‌ಗಳು, ಸುದ್ದಿ ಬರೆಯುವ ಡೆಸ್ಕ್‌ನವರು, ಪಿಸಿಆರ್ ಅಂದರೆ ಕಂಟ್ರೋಲ್ ರೂಮಿನವರು, ಮೇಕಪ್ ರೂಮಿನವರು, ನನ್ನ ಕೈಸನ್ನೆಗೆ ಹೊಂದಿಕೊಂಡ ಮನೆಯವರು, ದಿನಾ ವಿಚಾರಿಸಿದ ವೀಕ್ಷಕರು, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಒಂದೇ ವಾಕ್ಯದಲ್ಲಿ ಮುಗಿಸಿದಳು ಅಂತ ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಜಾಗ ಒಬ್ಬಳಿಗೆ ಬೇಕು.

ಅವಳು ನಮ್ಮ ಪ್ರಾಂಪ್ಟರ್ ಆಪರೇಟರ್, ಅಂದರೆ ನಾವು ಓದಬೇಕಾದ ಸುದ್ದಿಯನ್ನು ಕ್ಯಾಮೆರಾ ಮುಂದೆ ಸಾಲುಸಾಲಾಗಿ ತೋರಿಸುವ ಯಂತ್ರ ಓಡಿಸುವವಳು. ಹೆಸರು ಹಾಕಿದರೆ ಮಾತು ಬಿಡುತ್ತೇನೆ ಅಂತ ಹೆದರಿಸಿದ್ದಾಳೆ.

ಪ್ರಾಂಪ್ಟರ್ ತಾನಾಗಿ ಓಡುತ್ತದೆ, ಆ್ಯಂಕರ್ ಅದರ ಹಿಂದೆ ಓದಿಕೊಂಡು ಹೋಗುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಮ್ಮಲ್ಲಿ ನಡೆಯೋದು ಉಲ್ಟಾ. ಕ್ಯಾಮೆರಾ ಮುಂದೆ ಓರೆಯಾಗಿ ಒಂದು ಗಾಜು, ಅದರ ಕೆಳಗೆ ಮಾನಿಟರ್. ಅದರ ಅಕ್ಷರಗಳು ಗಾಜಿನಲ್ಲಿ ನಮಗೆ ಕಾಣುತ್ತವೆ, ಗಾಜಿನ ಹಿಂದಿರುವ ಕ್ಯಾಮೆರಾಗೆ ಕಾಣುವುದಿಲ್ಲ. ಆ ಸಾಲುಗಳನ್ನು ಮೇಲೆ ಸರಿಸೋದು ಅವಳ ಕೈ. ನಾನು ನಿಧಾನ ಮಾಡಿದರೆ ಅವಳೂ ನಿಧಾನ. ನನಗೆ ಕೆಮ್ಮು ಬಂದರೆ ಅವಳ ಬೆರಳು ನಿಲ್ಲಬೇಕು. 1950ರ ಹೊತ್ತಿಗೆ ಅಮೆರಿಕದಲ್ಲಿ ಇದು ಕಾಗದದ ಸುರುಳಿಯಾಗಿ ಶುರುವಾದಾಗಲೂ, ಮಾತಾಡುವವರ ವೇಗ ನೋಡಿಕೊಂಡು ಅದನ್ನು ಓಡಿಸೋಕೆ ಒಬ್ಬರು ಬೇಕಿತ್ತು.

ಹಾಗಾಗಿ ನನ್ನ ಉಸಿರಿನ ಲೆಕ್ಕ ನನಗಿಂತ ಜಾಸ್ತಿ ಅವಳಿಗೇ ಗೊತ್ತು. ಧ್ವನಿ ಕೆಡುತ್ತಿರೋದನ್ನು ಮೊದಲು ಹಿಡಿದವಳೂ ಅವಳೇ. ಕೇಳುವವರಿಗೆ ಆಗಿನ್ನೂ ಏನೂ ವ್ಯತ್ಯಾಸ ಇರಲಿಲ್ಲ. "ಅಕ್ಕಾ, ಮುಂಚೆ ಎರಡು ಸಾಲು ಒಂದೇ ಉಸಿರಿಗೆ ಓದ್ತಿದ್ರಿ. ಈಗ ಸಾಲಿನ ಮಧ್ಯೆ ನಿಲ್ತಿದ್ದೀರ. ನನ್ನ ಕೈಗೆ ಗೊತ್ತಾಗತ್ತೆ" ಅಂದಳು. ನಾನು ಡಾಕ್ಟರ ಹತ್ತಿರ ಹೋಗಿದ್ದೇ ಆ ಮಾತಿನ ಮೇಲೆ.

ಆಪರೇಷನ್ ಆದ ರಾತ್ರಿ ಆಸ್ಪತ್ರೆಯಲ್ಲಿ ಉಳಿದವಳೂ ಅವಳೇ. ಮನೆಯವರು ಯಾಕೆ ಇರಲಾಗಲಿಲ್ಲ ಅನ್ನೋದು ಹತ್ತಿರದವರಿಗೆ ಗೊತ್ತು. ಇವಳು ಶಿಫ್ಟ್ ಬದಲಾಯಿಸಿಕೊಂಡು ಬ್ಯಾಗ್ ಹಾಕಿಕೊಂಡು ಬಂದಳು. ನನಗೆ ಮಾತು ಪೂರ್ತಿ ಬಂದ್. ಪಿಸುಮಾತೂ ಬೇಡ, ಅದರಿಂದಲೂ ಗಂಟಲಿಗೆ ಆಯಾಸ ಅಂದಿದ್ದರು. ಕೈಯಲ್ಲಿ ಒಂದು ಸ್ಲೇಟು.

ವಾರ್ಡಿನ ಟಿವಿಯಲ್ಲಿ ನನ್ನ ಬುಲೆಟಿನ್ ಬಂತು. ಹೊಸ ಹುಡುಗಿ ಓದುತ್ತಿದ್ದಳು. ಚೆನ್ನಾಗಿಯೇ ಓದುತ್ತಿದ್ದಳು, ಕಷ್ಟ ಆಗಿದ್ದೇ ಅದು. ಇವಳು ಮಾತ್ರ ಟಿವಿಗೆ ಹತ್ತಿರ ಹೋಗಿ ನಿಂತು, "ನೋಡಿ ಅಕ್ಕಾ, ಕಣ್ಣು ಈ ಕಡೆಯಿಂದ ಆ ಕಡೆ ಓಡ್ತಿದೆ. ಸಾಲು ಅಗಲ ಬಿಟ್ಟಿದ್ದಾರೆ. ಇವತ್ತು ಪ್ರಾಂಪ್ಟರಲ್ಲಿ ಯಾರು ಕೂತಿದ್ದಾರೋ" ಅಂತ ಗೊಣಗಿದಳು. ನಗು ಬಂತು. ನಗುವ ಹಾಗೂ ಇರಲಿಲ್ಲ.

ಆಮೇಲೆ ಲೈಟ್ ಆರಿಸಿದರು. ಲೋಕಲ್ ಚಾನೆಲ್‌ನಲ್ಲಿ ಸುದ್ದಿ ಓದೋದು ಅಂದರೆ ಕರೆಂಟು ಯಾವಾಗ ಬರುತ್ತೆ, ಯಾವ ರಸ್ತೆ ಮುಚ್ಚಿದೆ ಅಂತ ಹೇಳೋದಷ್ಟೇ ಅಲ್ಲ. ಅಪಘಾತದಲ್ಲಿ ಹೋದವರ ಹೆಸರು ಬರುತ್ತದೆ. ಕೆಲವು ಸಲ ಅದು ಪರಿಚಯದವರದ್ದೇ ಆಗಿರುತ್ತದೆ. ಪ್ರಾಂಪ್ಟರಿನಲ್ಲಿ ಆ ಹೆಸರು ಮೇಲೆ ಬರುವಾಗ ಧ್ವನಿ ನಡುಗಬಾರದು. ಬೇರೆಯವರ ಕೆಟ್ಟ ರಾತ್ರಿಗಳನ್ನೆಲ್ಲ ಹಾಗೆ ನಡುಗದೆ ಓದಿದವಳು ನಾನು. ಅವತ್ತು ಕೈ ನಡುಗಿ ಬಳಪ ಎರಡು ಸಲ ಬಿತ್ತು. ಕೊನೆಗೆ ಬರೆದೆ: 'ಧ್ವನಿ ವಾಪಸ್ ಬರದೇ ಹೋದ್ರೆ?'

ಬಂದೇ ಬರುತ್ತೆ ಅಂತ ಅಷ್ಟು ಹೊತ್ತಿಗೆ ಎಲ್ಲರೂ ಹೇಳಿಯಾಗಿತ್ತು. ಇವಳು ಹೇಳಲಿಲ್ಲ. ಮೊಬೈಲ್ ಬೆಳಕಲ್ಲಿ ಸ್ಲೇಟು ಓದಿ, ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಡೆಸ್ಕಿಗೆ ಬನ್ನಿ. ನೀವು ಬರೆದ ಕಾಪಿ ಓಡಿಸೋಕೆ ಸುಲಭ, ವಾಕ್ಯ ಚಿಕ್ಕದಿರತ್ತೆ" ಅಂದಳು. ನಾನು ಅತ್ತೆ. "ಸದ್ದು ಮಾಡದೇ ಅಳಿ, ಡಾಕ್ಟರ್ ನನಗೆ ಬೈತಾರೆ" ಅಂದು ಸ್ಲೇಟು ಒರೆಸಿ ಕೊಟ್ಟಳು. ಬೆಳಗಿನ ತನಕ ಅದರಲ್ಲಿ ಏನೇನೋ ಬರೆದೆ. ಸಂಬಳದ ಚಿಂತೆ, ಎಡಿಟರ್ ಮೇಲಿನ ಸಿಟ್ಟು, ಸುಮ್ನೆ ಬಾಯಿಗೆ ಬಂದಿದ್ದು. ಒಂದೊಂದನ್ನೂ ಓದಿದಳು, ಒರೆಸಿದಳು. ಕುರ್ಚಿಯಲ್ಲೇ ಕೂತಿದ್ದಳು, ಮಲಗಲೇ ಇಲ್ಲ.

ನಿನ್ನೆ ನೋಡಿದರೆ ಸಾಲುಗಳೆಲ್ಲ ಮುಂಚಿನ ಅರ್ಧ ಉದ್ದ. ಉಸಿರು ತೆಗೆದುಕೊಳ್ಳೋ ಕಡೆಯೆಲ್ಲ ಒಂದೊಂದು ಗೆರೆ ಹಾಕಿದ್ದಳು, ನನ್ನನ್ನು ಕೇಳದೆ. ಕೊನೆಯ ಸುದ್ದಿಯಲ್ಲಿ ಗಂಟಲು ಒರಟಾಗುವ ಮೊದಲೇ ಸ್ಕ್ರೋಲ್ ನಿಧಾನ ಆಯ್ತು. ಇದಕ್ಕೆ ಥ್ಯಾಂಕ್ಸ್ ಅಂದರೆ ಸಾಲದು, ಆದರೂ ಥ್ಯಾಂಕ್ಸ್ ಕಣೇ.

ಸದ್ಯಕ್ಕೆ ದಿನಕ್ಕೆ ಒಂದೇ ಬುಲೆಟಿನ್. ಚರ್ಚೆ ಕಾರ್ಯಕ್ರಮ ಇನ್ನೂ ಇಲ್ಲ. ಅಲ್ಲಿ ಕೂಗಾಡೋದೇ ಜಾಸ್ತಿ, ಅಲ್ವಾ? ಏಪ್ರಿಲ್ 16 ವಿಶ್ವ ಧ್ವನಿ ದಿನ. ಅವತ್ತು ನನ್ನ ಥೆರಪಿಸ್ಟ್ ಸ್ಟುಡಿಯೋಗೆ ಬರುತ್ತಾರೆ. ದಿನವಿಡೀ ಮಾತಾಡೋದೇ ಕೆಲಸ ಆಗಿರೋ ಟೀಚರ್‌ಗಳು, ಕಂಡಕ್ಟರ್‌ಗಳು ಪ್ರಶ್ನೆ ಈಗಲೇ ಕಳಿಸಿ. ಫೋನ್ ಬೇಡ, ಮೆಸೇಜ್ ಮಾಡಿ.